ಸಹಿಯೂ ಮನಸ್ಸಾಕ್ಷಿಯೂ

ರಾಷ್ಟ್ರಪತಿಯ ಚುನಾವಣೆಯೆಂದರೆ ನಮ್ಮಂಥ ಮತದಾರರಿಗೆ ಪರರ ಮನೆಯ ಮದುವೆಯಿದ್ದಂತೆ. ಓಲಗ ಕೇಳಿಸುತ್ತದೆ, ಅಡಿಗೆಯ ಪರಿಮಳವೂ ತೇಲಿ ಬರುತ್ತದೆ. ಕರೆಯೋಲೆ ಮಾತ್ರ ಬರುವುದಿಲ್ಲ. ಆದರೂ ವಧೂವರರ ಜಾತಕವನ್ನು ಅತಿ ಹೆಚ್ಚು ಚರ್ಚಿಸುವವರು ಕರೆಯೋಲೆ ಬಾರದವರೇ ಎಂಬುದು ಲೋಕದಲ್ಲಿ ಕಂಡ ಸಂಗತಿ. ಸಿದ್ದಾಪುರ ತಾಲ್ಲೂಕಿನ ಈ ಮನ್ಮನೆಯ ಜಗಲಿಯ ಮೇಲೆ ಕುಳಿತು ನಾನೂ ಆ ಬಗೆಯ ಚರ್ಚೆಯನ್ನು ಐವತ್ತು ವರ್ಷಕ್ಕೂ ಮಿಕ್ಕಿ ನಡೆಸಿಕೊಂಡು ಬಂದಿದ್ದೇನೆ. 2022ರ ಚುನಾವಣೆ ಮುಗಿದು, ಮುಂದಿನದು 2027ರಲ್ಲಿ ಬರಬೇಕಾಗಿರುವ ಈ ನಡುವಣ ಕಾಲದಲ್ಲಿ, ಯಾರ ಪರವಾಗಿಯೂ ಯಾರೂ ಕೂಗಾಡದಿರುವಾಗಲೇ, ಆ ಚರ್ಚೆಯಿಂದ ನನಗೆ ದಕ್ಕಿದ ಒಂದು ಮಾತನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿದೆ.

ಮೊದಲು ಲೆಕ್ಕವನ್ನು ಹೇಳಿಬಿಡುತ್ತೇನೆ. ನಮಗೆ ನೇರವಾದ ಮತವಿಲ್ಲ ಎಂದ ಮಾತ್ರಕ್ಕೆ ನಾವು ಲೆಕ್ಕಕ್ಕೆ ಸೇರಿಲ್ಲವೆಂದು ಅರ್ಥವಲ್ಲ. ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಚುನಾಯಿತ ಸದಸ್ಯರ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕನ ಮತದ ಬೆಲೆ ದೊರೆಯುತ್ತದೆ. 1969ರಲ್ಲಿ ಮೈಸೂರು ರಾಜ್ಯದ ಒಬ್ಬ ಶಾಸಕನ ಮತಕ್ಕೆ 109 ಬೆಲೆ. 2022ರಲ್ಲಿ ಕರ್ನಾಟಕದ ಶಾಸಕನ ಮತಕ್ಕೆ 131. ಅಂದರೆ ಶಾಸಕನು ಬೆಂಗಳೂರಿನಲ್ಲಿ ಆ ಚೀಟಿಯನ್ನು ಪೆಟ್ಟಿಗೆಗೆ ಹಾಕುವಾಗ ಅವನ ಬೆನ್ನ ಹಿಂದೆ ಲಕ್ಷಕ್ಕೆ ಮೀರಿದ ಜನರ ನೆರಳು ನಿಂತಿರುತ್ತದೆ. ಅದರಲ್ಲಿ ಮನ್ಮನೆಯ ನನ್ನದೂ ಒಂದು. ನೆರಳಿಗೆ ಬಾಯಿಲ್ಲವೆಂಬುದು ನಿಜ. ಈ ಅಂಕಣದಲ್ಲಿ ಅದು ಕೊಂಚ ಮಾತನಾಡಿದರೆ ಯಾರೂ ಬೇಸರಿಸಬಾರದು.

ಇನ್ನು ನಾನು ಎಂಥ ಮತದಾರ ಎಂಬುದನ್ನೂ ಹೇಳಬೇಕು. ನನ್ನನ್ನು ನನ್ನ ಮಕ್ಕಳು ಸಂಪ್ರದಾಯವಾದಿ ಎನ್ನುತ್ತಾರೆ. ಮೊಮ್ಮಕ್ಕಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಳೆಯ ಕಾಲದವನೆನ್ನುತ್ತಾರೆ. ಎರಡನ್ನೂ ನಾನು ಒಪ್ಪಿಕೊಳ್ಳುತ್ತೇನೆ. ಆದರೆ ನಮ್ಮ ಸೀಮೆಯಲ್ಲಿ ಆ ಶಬ್ದಕ್ಕೆ ಪೇಟೆಯವರು ತಿಳಿದ ಅರ್ಥವಿಲ್ಲ. 1930ರಿಂದ 1932ರವರೆಗೆ ಸಿದ್ದಾಪುರ, ಅಂಕೋಲೆ ತಾಲ್ಲೂಕುಗಳಲ್ಲಿ ಕರನಿರಾಕರಣೆಯ ಚಳವಳಿ ನಡೆದಾಗ, ಕಾಂಗ್ರೆಸ್ಸಿಗೆ ಮಾತು ಕೊಟ್ಟೆವೆಂಬ ಒಂದೇ ಕಾರಣಕ್ಕಾಗಿ ಅನೇಕ ಕುಟುಂಬಗಳು ತೋಟ ಗದ್ದೆಗಳನ್ನು ಕಳೆದುಕೊಂಡವು. ಮಾವಿನಗುಂಡಿಯಲ್ಲಿ ಆ ಕಾಲದ ಸತ್ಯಾಗ್ರಹಿ ಮಹಿಳೆಯರ ಸ್ಮಾರಕವೇ ನಿಂತಿದೆ. ನಮ್ಮ ಮನೆಯಿಂದ ಜಪ್ತಿಯಾಗಿ ಹೋದ ತಾಮ್ರದ ಹಂಡೆಯ ಕಥೆಯನ್ನು ಅಜ್ಜಿಯ ಬಾಯಿಂದ ಕೇಳುತ್ತ ಬೆಳೆದವನು ನಾನು. ಹಂಡೆ ಹೋದುದಕ್ಕೆ ಅವಳಿಗೆ ದುಃಖವಿರಲಿಲ್ಲ. ಕಂದಾಯ ಕಟ್ಟಿಬಿಡಿ, ಹಂಡೆ ಉಳಿಯುತ್ತದೆ ಎಂದು ಬುದ್ಧಿ ಹೇಳಲು ಬಂದ ನೆಂಟರ ಮೇಲೆ ಮಾತ್ರ ಕೊನೆಯವರೆಗೂ ಕೋಪವಿತ್ತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಬಳಿಕ ಜಮೀನುಗಳು ಮರಳಿ ಬಂದವು. ಇಂಥ ಮನೆಗಳಲ್ಲಿ ಸಂಪ್ರದಾಯವೆಂದರೆ ಮಡಿ ಮೈಲಿಗೆಗಳಿಗಿಂತ ಹೆಚ್ಚಾಗಿ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು. ಈ ಅರ್ಥದಲ್ಲಿ ನಾನು ಸಂಪ್ರದಾಯವಾದಿ.

ಅಂಥವನಿಗೆ 1969ರ ರಾಷ್ಟ್ರಪತಿಯ ಚುನಾವಣೆ ಎದೆಗೆ ನಾಟಿದ ಮುಳ್ಳಾಯಿತು. ಆಗ ನನಗೆ ಇಪ್ಪತ್ತೆರಡು ವರ್ಷ. ಅದಕ್ಕೆ ಮೊದಲಿನ ಚುನಾವಣೆಗಳಲ್ಲಿ ಫಲಿತಾಂಶದ ಬಗೆಗೆ ಕುತೂಹಲಕ್ಕೆ ಹೆಚ್ಚಿನ ಎಡೆಯಿರಲಿಲ್ಲ. 1967ರಲ್ಲಿ ಮುಖ್ಯ ನ್ಯಾಯಾಧೀಶರ ಪದವಿಯನ್ನು ಬಿಟ್ಟು ಸ್ಪರ್ಧೆಗಿಳಿದ ಕೆ. ಸುಬ್ಬರಾಯರು 3,63,971 ಮತಗಳನ್ನು ಪಡೆದರೂ ಡಾಕ್ಟರ್ ಜಾಕಿರ್ ಹುಸೇನರು 4,71,244 ಪಡೆದು ಸುಲಭವಾಗಿ ಗೆದ್ದಿದ್ದರು. ಆ ಸಜ್ಜನರು 1969ರ ಮೇ 3ರಂದು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಅವರ ಮುಂದೆ ಯಾರು ಎಂಬ ಪ್ರಶ್ನೆಯನ್ನು ಇತ್ಯರ್ಥಗೊಳಿಸುವ ಕಾಂಗ್ರೆಸ್ ಸಭೆ ಕೂಡಿದ್ದು ಬೇರೆಲ್ಲಿಯೂ ಅಲ್ಲ, ನಮ್ಮ ಬೆಂಗಳೂರಿನಲ್ಲಿಯೇ. ಆ ವರ್ಷದ ಜುಲೈ ತಿಂಗಳಲ್ಲಿ ಲಾಲ್‌ಬಾಗಿನ ಗಾಜಿನ ಮನೆ, ಫಲಪುಷ್ಪ ಪ್ರದರ್ಶನದ ಬದಲಿಗೆ ಪಕ್ಷದ ಒಳಜಗಳದ ಪ್ರದರ್ಶನಕ್ಕೆ ತಾಣವಾಯಿತು.

ಪಕ್ಷದ ಅಧ್ಯಕ್ಷರು ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ಅವರೂ ಕಾಮರಾಜ, ಮೊರಾರ್ಜಿ ದೇಸಾಯಿ, ಎಸ್. ಕೆ. ಪಾಟೀಲ ಮೊದಲಾದ ಹಿರಿಯರೂ ಲೋಕಸಭೆಯ ಸಭಾಪತಿ ನೀಲಂ ಸಂಜೀವ ರೆಡ್ಡಿಯವರನ್ನು ಬಯಸಿದರು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಆ ಹೆಸರು ಬೇಕಿರಲಿಲ್ಲ. ಅವರು ಜಗಜೀವನರಾಮರ ಹೆಸರನ್ನು ಮುಂದಿಟ್ಟರು. ಜುಲೈ 12ರಂದು ಪಾರ್ಲಿಮೆಂಟರಿ ಮಂಡಲಿಯಲ್ಲಿ ರೆಡ್ಡಿಯವರ ಹೆಸರು ಬಹುಮತದಿಂದ ನಿಶ್ಚಯವಾಯಿತು. ಮುಂದಿನದೆಲ್ಲ ಸಿಡಿಲಿನ ವೇಗದಲ್ಲಿ ನಡೆಯಿತು. ಗಿರಿಯವರು ತಾವು ಸ್ವತಂತ್ರವಾಗಿ ಸ್ಪರ್ಧಿಸುವುದಾಗಿ ಸಾರಿದರು. ಜುಲೈ 16ರಂದು ಮೊರಾರ್ಜಿಯವರ ಕೈಯಿಂದ ಹಣಕಾಸಿನ ಖಾತೆ ಹೋಯಿತು. 19ರಂದು 14 ಬ್ಯಾಂಕುಗಳು ಸುಗ್ರೀವಾಜ್ಞೆಯಿಂದ ಸರ್ಕಾರದ ವಶವಾದವು. ಆ ಆಜ್ಞೆಗೆ ಸಹಿ ಹಾಕಿದ ಗಿರಿಯವರು ಮರುದಿನವೇ ರಾಜೀನಾಮೆಯಿತ್ತು ಅಭ್ಯರ್ಥಿಯಾದರು. ಮುಖ್ಯ ನ್ಯಾಯಾಧೀಶ ಹಿದಾಯತುಲ್ಲಾ ಅವರು ಐದು ವಾರಗಳ ಕಾಲ ರಾಷ್ಟ್ರಪತಿಯ ಸ್ಥಾನವನ್ನು ನಿರ್ವಹಿಸಬೇಕಾಯಿತು.

ಬ್ಯಾಂಕುಗಳ ವಿಷಯ ನಮ್ಮ ಕರಾವಳಿ ಮಲೆನಾಡುಗಳಿಗೆ ದೂರದ್ದಾಗಿರಲಿಲ್ಲ. ಆ 14ರ ಪೈಕಿ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕೂ ಇದ್ದವು. ಊರಿನ ಜನ ನಂಬಿಕೆಯಿಂದ ಕಾಸಿಗೆ ಕಾಸು ಸೇರಿಸಿ ಕಟ್ಟಿದ ಸಂಸ್ಥೆಗಳು ಒಂದೇ ರಾತ್ರಿಯಲ್ಲಿ ದೆಹಲಿಯ ಪಾಲಾದವಲ್ಲ ಎಂದು ಜಗಲಿಯ ಮೇಲೆ ನಾವು ಮರುಗಿದೆವು. ಆಗ ಮೆಟ್ಟಿಲ ಬಳಿ ಕುಳಿತಿದ್ದ ಗೇಣಿಯ ರೈತನೊಬ್ಬನು ಮೆಲ್ಲನೆ ಕೇಳಿದ ಪ್ರಶ್ನೆ ಈಗಲೂ ನನಗೆ ನೆನಪಿದೆ: “ಒಡೆಯಾ, ಸರ್ಕಾರದ್ದಾದರೆ ಆ ಬಾಗಿಲು ನಮಗೂ ತೆರೆದೀತೇ?” ಯಾರೂ ಉತ್ತರ ಕೊಡಲಿಲ್ಲ. ಪ್ರಧಾನಿಯವರಿಗೆ ಹಳ್ಳಿಹಳ್ಳಿಯಲ್ಲೂ ದೊರೆತ ಬೆಂಬಲದ ಗುಟ್ಟೆಲ್ಲ ಆ ಪ್ರಶ್ನೆಯಲ್ಲಿತ್ತು. ನನ್ನಂಥವರು ಆ ಕ್ರಮವನ್ನು ಒಪ್ಪದಿರಬಹುದು. ಆದರೆ ಅದನ್ನು ಹಾರೈಸಿದವರಿಗೆ ಕಾರಣವಿರಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದ ಮಾತಾದೀತು.

ನನ್ನ ಒಲವು ಯಾರ ಕಡೆಗಿತ್ತೆಂದರೆ, ಮೂರನೆಯವರ ಕಡೆಗೆ. ಸ್ವತಂತ್ರ ಪಕ್ಷ, ಜನಸಂಘಗಳು ಚಿಂತಾಮಣ ದ್ವಾರಕಾನಾಥ ದೇಶಮುಖರನ್ನು ನಿಲ್ಲಿಸಿದ್ದವು. 1943ರಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರರಾದ ಮೊದಲನೆಯ ಭಾರತೀಯರು ಅವರು; 1950ರಿಂದ 1956ರವರೆಗೆ ಕೇಂದ್ರದ ಹಣಕಾಸಿನ ಮಂತ್ರಿಗಳು. ಮುಂಬಯಿ ನಗರವನ್ನು ಮಹಾರಾಷ್ಟ್ರದಿಂದ ಬೇರೆಯಾಗಿಡುವ ಯೋಜನೆ ಬಂದಾಗ, ಒಪ್ಪಲಾರೆನೆಂದು ರಾಜೀನಾಮೆ ಕೊಟ್ಟು ಹೊರಬಂದವರು. 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ ಆ ವೃತ್ತಾಂತ ಚೆನ್ನಾಗಿ ಗೊತ್ತಿತ್ತು. ಅವರ ಅಭಿಪ್ರಾಯ ಕನ್ನಡಿಗರಾದ ನಮಗೆ ರುಚಿಸಲೇಬೇಕೆಂದೇನೂ ಇರಲಿಲ್ಲ. ಆದರೆ ಮನಸ್ಸು ಒಪ್ಪದಾಗ ಕುರ್ಚಿಯನ್ನು ಬಿಟ್ಟೇಳುವುದು ಒಂದು ಕ್ರಮ. ಕುರ್ಚಿಯ ಮೇಲೆಯೇ ಕುಳಿತು ಮನಸ್ಸಾಕ್ಷಿಯ ಮಾತಾಡುವುದು ಇನ್ನೊಂದು. ಮೊದಲನೆಯದನ್ನು ಮಾಡಿ ತೋರಿಸಿದವರನ್ನು ನಾನು ಮೆಚ್ಚಿಕೊಂಡೆ. ಗೆಲ್ಲುವರೆಂದು ಯಾರೂ ನಂಬಿರಲಿಲ್ಲ. ನಮ್ಮ ಒಲವಿಗೆ ಅದರಿಂದ ಕೊರತೆಯಾಗಲಿಲ್ಲ.

ಆ ಆಗಸ್ಟ್ ತಿಂಗಳಿನಲ್ಲಿ ಮಳೆ ಜೋರು. ತೋಟದಲ್ಲಿ ಕೊಳೆರೋಗದ ಭಯ, ಮನೆಯಲ್ಲಿ ರೇಡಿಯೋದ ಸುತ್ತ ಜನ. ಧಾರವಾಡ ಆಕಾಶವಾಣಿಯ ವಾರ್ತೆ, ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ನೆನೆದು ಬರುತ್ತಿದ್ದ ‘ಸಂಯುಕ್ತ ಕರ್ನಾಟಕ’ ಇವೇ ನಮಗೆ ಪ್ರಚಾರದ ಸುದ್ದಿಯ ಮೂಲ. ಮತದಾನದ ದಿನ ಹತ್ತಿರವಾದಂತೆ ‘ಮನಸ್ಸಾಕ್ಷಿಯ ಮತ’ ಎಂಬ ಹೊಸ ಮಾತು ಕೇಳಿಬಂತು. ರೆಡ್ಡಿಯವರ ನಾಮಪತ್ರಕ್ಕೆ ಪ್ರಧಾನಿಯವರೇ ಸಹಿ ಹಾಕಿದ್ದರು. ಈಗ ಪಕ್ಷದ ಶಾಸಕರೂ ಸಂಸತ್ ಸದಸ್ಯರೂ ಪಕ್ಷದ ಕಟ್ಟಿಲ್ಲದೆ ತಮ್ಮ ಅಂತರಾತ್ಮ ಹೇಳಿದಂತೆ ಮತ ನೀಡಲಿ ಎಂದು ಅವರ ಕಡೆಯಿಂದಲೇ ಕರೆ ಬಂತು. ಅಂತರಾತ್ಮವು ಗಿರಿಯವರ ಹೆಸರನ್ನೇ ಹೇಳಬೇಕೆಂಬುದು ಎಲ್ಲರಿಗೂ ತಿಳಿದಿತ್ತು.

ನಮ್ಮ ದೊಡ್ಡಪ್ಪನವರು ಪತ್ರಿಕೆಯನ್ನು ಮಡಿಚಿ ಮಡಿಲ ಮೇಲಿಟ್ಟುಕೊಂಡು ಒಂದೇ ಮಾತು ಹೇಳಿದರು: “ಸಹಿ ಹಾಕಿದ ಮೇಲೆ ಎಂತ ಮನಸ್ಸಾಕ್ಷಿನೋ ಮಾಣಿ!”

ಆ ಮಾತಿನಲ್ಲಿ ಒಂದು ನ್ಯಾಯವಿದೆ. ನಮ್ಮ ತೋಟಿಗರಿಗೆ ಇದು ಬೇಗ ತಿಳಿಯುತ್ತದೆ. ಅಡಕೆಯ ಕೊನೆಗೆ ಮದ್ದು ಹೊಡೆಯುವುದು ಮಳೆ ಹಿಡಿಯುವ ಮೊದಲು. ಕೊಳೆ ಉದುರತೊಡಗಿದ ಬಳಿಕ ಕೊನೆಗೌಡನನ್ನು ಮರ ಹತ್ತಿಸಿದರೆ ಹೋದ ಫಸಲೇನೂ ಹಿಂದಿರುಗುವುದಿಲ್ಲ. ಮನಸ್ಸಾಕ್ಷಿಗೂ ಹಾಗೆಯೇ ಒಂದು ಋತುವಿದೆ. ಬೆಂಗಳೂರಿನಲ್ಲಿ ಮಂಡಲಿಯ ತೀರ್ಮಾನವಾದ ದಿನವೇ, ಇದನ್ನು ನಾನು ಒಪ್ಪಲಾರೆ, ಸಹಿ ಹಾಕಲಾರೆ ಎಂದು ಪ್ರಧಾನಿಯವರು ಹೇಳಿಬಿಟ್ಟಿದ್ದರೆ, ಪಕ್ಷ ಅಂದೇ ಒಡೆಯುತ್ತಿತ್ತೋ ಏನೋ. ಆದರೆ ಮನಸ್ಸಾಕ್ಷಿ ಎಂಬ ಶಬ್ದಕ್ಕೆ ಮೈಲಿಗೆ ತಗಲುತ್ತಿರಲಿಲ್ಲ. ಒಪ್ಪಿ, ಸಹಿ ಹಾಕಿ, ಅನಂತರ ಅಂತರಾತ್ಮವನ್ನು ಕರೆಯುವುದು ನ್ಯಾಯದ ಕ್ರಮವಲ್ಲ.

ಹಾಗೆಂದು ಎದುರು ಪಕ್ಷದ ವಾದವನ್ನು ಮರೆಮಾಚಲಾಗದು. ಗಿರಿಯವರ ಕಡೆಯವರು ಮೂರು ಮಾತು ಹೇಳುತ್ತಿದ್ದರು. ಮೊದಲನೆಯದು, ರಾಷ್ಟ್ರಪತಿಯ ಚುನಾವಣೆ ಗುಪ್ತ ಮತದಾನದ್ದು. ಸಂವಿಧಾನವೇ ಗುಟ್ಟನ್ನು ಕೊಟ್ಟಿರುವಾಗ ಪಕ್ಷದ ಕಟ್ಟು ಎಲ್ಲಿಯದು? ಇದು ನಿಜ. ಈ ಚುನಾವಣೆಯಲ್ಲಿ ಪಕ್ಷಗಳು ಸದಸ್ಯರ ಮೇಲೆ ಆಜ್ಞೆ ಹೊರಡಿಸುವಂತಿಲ್ಲವೆಂಬುದು ಇಂದು ಒಪ್ಪಿತವಾದ ನಿಯಮವಾಗಿದೆ. ಎರಡನೆಯದು, ಹಿರಿಯರು ರೆಡ್ಡಿಯವರನ್ನು ಆರಿಸಿದ್ದು ಅವರ ಯೋಗ್ಯತೆಗಾಗಿ ಮಾತ್ರವಲ್ಲ, ಪ್ರಧಾನಿಯವರ ಮೂಗಿಗೆ ದಾರ ಪೋಣಿಸುವುದಕ್ಕಾಗಿ. ಇದರಲ್ಲಿಯೂ ಸಾಕಷ್ಟು ಸತ್ಯವಿತ್ತು. ಮೂರನೆಯದು, ನಿಜಲಿಂಗಪ್ಪನವರು ಸ್ವತಂತ್ರ ಮತ್ತು ಜನಸಂಘದ ನಾಯಕರನ್ನು ಕಂಡು, ನಿಮ್ಮ ಎರಡನೆಯ ಪ್ರಾಶಸ್ತ್ಯದ ಮತಗಳು ರೆಡ್ಡಿಯವರಿಗೆ ಬರಲಿ ಎಂದು ಕೇಳಿಕೊಂಡದ್ದು. ನಿನ್ನೆಯವರೆಗೆ ಯಾರನ್ನು ಬಂಡವಾಳಗಾರರ ಪಕ್ಷ, ಮತೀಯ ಪಕ್ಷ ಎಂದು ಹಳಿಯುತ್ತಿದ್ದರೋ ಅವರ ಬಾಗಿಲಿಗೆ ಇಂದು ಹೋಗುವುದು ಯಾವ ಶಿಸ್ತು ಎಂದು ಅವರು ಕೇಳಿದರು. ನನಗೆ ಆ ಎರಡು ಪಕ್ಷಗಳ ಮೇಲೆ ದ್ವೇಷವಿರಲಿಲ್ಲ; ಆದರೂ ಪ್ರಶ್ನೆ ಸರಿಯಾದದ್ದೇ ಎಂದು ಒಪ್ಪಬೇಕಾಯಿತು.

ಇವೆಲ್ಲಕ್ಕಿಂತ ಹೇಯವಾದ ಸಂಗತಿಯೆಂದರೆ ರೆಡ್ಡಿಯವರ ಚಾರಿತ್ರ್ಯವನ್ನು ಹಳಿದು ಅಂಚೆಯಲ್ಲಿಯೂ, ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿಯೂ ಹರಿದಾಡಿದ, ಹೆಸರಿಲ್ಲದ ಒಂದು ಕರಪತ್ರ. ದೇಶದ ಅತ್ಯುನ್ನತ ಪದವಿಯ ಪ್ರಚಾರಕ್ಕೆ ಬೀದಿಜಗಳದ ಭಾಷೆ ಬಂದದ್ದು ಆಗ. ಆ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಧಿಕಾರದಲ್ಲಿದ್ದ ರಾಷ್ಟ್ರಪತಿ ಗಿರಿಯವರು ತಾವೇ ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದರು. ಕರಪತ್ರ ಅವರ ಸಮ್ಮತಿಯಿಂದ ಹಂಚಲ್ಪಟ್ಟಿತೆಂಬುದು ಸಿದ್ಧವಾಗದೆ 1970ರಲ್ಲಿ ಅವರ ಆಯ್ಕೆ ಊರ್ಜಿತವಾಯಿತು. ನಾನು ಗಿರಿಯವರ ಪಕ್ಷಪಾತಿಯಲ್ಲ. ಆದರೆ ರಾಷ್ಟ್ರದ ಮೊದಲ ಪ್ರಜೆ ಸಾಕ್ಷಿಕಟ್ಟೆಗೆ ಬಂದು ಪ್ರಶ್ನೆಗಳಿಗೆ ಉತ್ತರಿಸಿದ್ದು ಈ ದೇಶದ ವ್ಯವಸ್ಥೆಗೆ ಒಂದು ಭೂಷಣವೇ ಸರಿ. ಅದನ್ನು ಗಿರಿಯವರ ಲೆಕ್ಕದಲ್ಲಿ ಜಮಾ ಮಾಡುವುದು ನ್ಯಾಯ.

ಆಗಸ್ಟ್ 16ರಂದು ಮತದಾನವಾಯಿತು. ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರು ಆಗ ದಿನಕರ ದೇಸಾಯಿಯವರು. ಚುಟುಕಗಳಿಂದ ನಾಡಿಗೆಲ್ಲ ಪರಿಚಿತರಾದ ಕವಿ, 1967ರಲ್ಲಿ ಪಕ್ಷೇತರರಾಗಿ ಗೆದ್ದವರು. ಪಕ್ಷದ ಹಗ್ಗವಿಲ್ಲದ ಅವರಿಗೆ ಮನಸ್ಸಾಕ್ಷಿಯನ್ನು ಯಾರೂ ದಾನ ಮಾಡಬೇಕಾಗಿರಲಿಲ್ಲ. ಗುಪ್ತ ಮತ ಗುಪ್ತವಾಗಿಯೇ ಇರಲಿ.

20ರಂದು ಎಣಿಕೆ. ವಾಚಕರು ಇಲ್ಲಿ ಕೊಂಚ ತಾಳ್ಮೆ ವಹಿಸಬೇಕು. ಏಕೆಂದರೆ ನಮ್ಮವರು ಐವತ್ತು ವರ್ಷದಿಂದ ಹೇಳಿಕೊಂಡು ಬಂದ ಕಥೆಗೂ ಅಂಕಿಗಳು ಹೇಳುವ ಕಥೆಗೂ ಸ್ವಲ್ಪ ಅಂತರವಿದೆ. ಕಣದಲ್ಲಿ 15 ಮಂದಿ. ಸಿಂಧುವಾದ ಮತಗಳ ಒಟ್ಟು ಬೆಲೆ 8,36,337. ಗೆಲ್ಲಲು ಬೇಕಾದದ್ದು 4,18,169. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಉಳಿದವರಿಗೆಲ್ಲ ಸೇರಿ 8,505. ಯಾರಿಗೂ ಬೇಕಾದಷ್ಟು ಬಾರದುದರಿಂದ, ಕೆಳಗಿನವರನ್ನು ಒಬ್ಬೊಬ್ಬರನ್ನಾಗಿ ಕೈಬಿಟ್ಟು ಅವರ ಚೀಟಿಗಳ ಮೇಲಿನ ಮುಂದಿನ ಪ್ರಾಶಸ್ತ್ಯವನ್ನು ನೋಡಲಾಯಿತು. ಕೊನೆಗೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಅಂತರ 14,650. ಆಗ ಒಬ್ಬ ಸಂಸತ್ ಸದಸ್ಯನ ಮತಕ್ಕೆ 576 ಬೆಲೆ. ಹದಿಮೂರು ಮಂದಿ ಸದಸ್ಯರು ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಫಲಿತಾಂಶವೇ ತಿರುಗುತ್ತಿತ್ತು.

ಕಾಂಗ್ರೆಸ್ಸಿನವರ ‘ಮನಸ್ಸಾಕ್ಷಿ’ಯೇ ರೆಡ್ಡಿಯವರನ್ನು ಸೋಲಿಸಿತೆಂದು ನಮ್ಮ ಕಡೆಯವರು ಹೇಳುತ್ತಾರೆ. ಮೊದಲ ಎಣಿಕೆಯ ಮಟ್ಟಿಗೆ ಅದು ನಿಜ. ಆದರೆ ಮುಂದಿನ ಎಣಿಕೆಗಳಲ್ಲಿ ಗಿರಿಯವರಿಗೆ ಹೊಸದಾಗಿ ಸೇರಿದ್ದು 18,562. ಸಣ್ಣಪುಟ್ಟ ಅಭ್ಯರ್ಥಿಗಳ 8,505 ಮತಗಳೂ ಪೂರ್ತಿಯಾಗಿ ಅವರಿಗೇ ಹೋದುವೆಂದು ಇಟ್ಟುಕೊಂಡರೂ, ಕನಿಷ್ಠ 10,057 ಮತಗಳು ದೇಶಮುಖರ ಬುಟ್ಟಿಯಿಂದ ಹೋಗಿರಲೇಬೇಕು. ಆ ಮತಗಳೆಲ್ಲ ಒಂದೇ ಪಕ್ಷದವಾಗಿರಲಿಲ್ಲ, ನಿಜ. ಆದರೆ ಅವು ರೆಡ್ಡಿಯವರಿಗೆ ಬಿದ್ದಿದ್ದರೆ ಅವರಿಗೆ 4,15,484, ಗಿರಿಯವರಿಗೆ 4,10,020 ಆಗಿ ರೆಡ್ಡಿಯವರೇ ರಾಷ್ಟ್ರಪತಿಗಳಾಗುತ್ತಿದ್ದರು. ಹಳೆಯ ಸಜ್ಜನಿಕೆಯ ಪ್ರತಿನಿಧಿಯೆಂದು ನಾವು ಮೆಚ್ಚಿಕೊಂಡ ಅಭ್ಯರ್ಥಿಯ ಚೀಟಿಗಳ ಎರಡನೆಯ ಸಾಲಿನಲ್ಲಿಯೇ ಆ ಚುನಾವಣೆಯ ತೀರ್ಪು ಅಡಗಿತ್ತು. ಎದುರಿನವರ ಮನಸ್ಸಾಕ್ಷಿಯನ್ನು ಪ್ರಶ್ನಿಸುವಾಗ ನಮ್ಮ ಬುಟ್ಟಿಯ ತಳವನ್ನೂ ನೋಡಿಕೊಳ್ಳಬೇಕೆಂಬ ವಿವೇಕ ಈ ಲೆಕ್ಕದಿಂದ ದೊರೆಯುತ್ತದೆ.

ಗಿರಿಯವರು ಆಗಸ್ಟ್ 24ರಂದು ಪ್ರಮಾಣವಚನ ಸ್ವೀಕರಿಸಿದರು. ನವೆಂಬರ್ 12ರಂದು ಪ್ರಧಾನಿಯವರನ್ನೇ ಕಾಂಗ್ರೆಸ್ಸಿನಿಂದ ಹೊರಹಾಕಲಾಯಿತು, ಪಕ್ಷ ಎರಡಾಯಿತು. ದೆಹಲಿಯಲ್ಲಿ ಅದು ಹೊಸ ಫಲಕ, ಹೊಸ ಕಚೇರಿಯ ಪ್ರಶ್ನೆ. ಇಲ್ಲಿ ಅದು ಮನೆಯ ಪ್ರಶ್ನೆ. ಕರನಿರಾಕರಣೆಯಲ್ಲಿ ಒಟ್ಟಿಗೆ ಜೈಲಿಗೆ ಹೋದವರ ಮಕ್ಕಳು ಒಬ್ಬರನ್ನೊಬ್ಬರು ಕಂಡರೆ ದಾರಿ ಬದಲಿಸುವಂತಾಯಿತು. ನಮ್ಮ ತಾಲ್ಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ಆಗ ವೀರೇಂದ್ರ ಪಾಟೀಲರ ಮಂತ್ರಿಮಂಡಲದಲ್ಲಿದ್ದರು. ಅವರು ನಿಜಲಿಂಗಪ್ಪನವರ ಕಡೆಯಲ್ಲಿಯೇ ನಿಂತರು. ನಮ್ಮ ಮನೆಯಲ್ಲಿ ದೊಡ್ಡಪ್ಪ ಹಳೆಯ ಕಾಂಗ್ರೆಸ್, ಅವರ ತಮ್ಮ ಹೊಸ ಕಾಂಗ್ರೆಸ್. ಆ ವರ್ಷ ಅಜ್ಜನ ಶ್ರಾದ್ಧಕ್ಕೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತರೂ ಮಾತಿರಲಿಲ್ಲ. ಅಜ್ಜಿ ಬಡಿಸುವುದನ್ನು ನಿಲ್ಲಿಸಿ, “ಹಂಡೆ ಹೋದಾಗಲೂ ಮನೆ ಒಂದಾಗಿತ್ತು” ಎಂದಷ್ಟೇ ಹೇಳಿ ಒಳಗೆ ಹೋದಳು. 1971ರ ಲೋಕಸಭೆಯ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಪಕ್ಷದ ಪಾಲಾದವು. ಮೆಟ್ಟಿಲ ಬಳಿ ಕುಳಿತವನ ಪ್ರಶ್ನೆಗೆ ಜಗಲಿಯ ಮೇಲಿದ್ದವರು ಉತ್ತರ ಕೊಡದಿದ್ದುದರ ಫಲ ಅದೆಂದು ಆಗ ಕೆಲವರಿಗೆ ಹೊಳೆಯಿತು.

ಗೆದ್ದವರಾರು, ಸೋತವರಾರು ಎಂಬ ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಸಹಿಯ ಕಥೆ ಮುಂದುವರಿಯಿತು. ಬೆಂಗಳೂರಿನ ಆ ಮಂಡಲಿಯಲ್ಲಿ ಪ್ರಧಾನಿಯವರ ಕಡೆಗಿದ್ದ ಫಕ್ರುದ್ದೀನ್ ಅಲಿ ಅಹಮದರು 1974ರಲ್ಲಿ ರಾಷ್ಟ್ರಪತಿಗಳಾದರು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಯ ಕಾಗದ ಬಂದಾಗ, ಮಂತ್ರಿಮಂಡಲವಿನ್ನೂ ಅದನ್ನು ನೋಡಿರಲಿಲ್ಲ. ಆದರೂ ಅವರು ಸಹಿ ಹಾಕಿದರು. ಮನಸ್ಸಾಕ್ಷಿ ಏಳಬೇಕಾದ ಗಳಿಗೆಯೊಂದಿದ್ದರೆ ಅದು ಆ ರಾತ್ರಿ. 1969ರಲ್ಲಿ ಅಷ್ಟು ಗಟ್ಟಿಯಾಗಿ ಕರೆಯಿಸಿಕೊಂಡ ಅಂತರಾತ್ಮ ಆಗ ರಾಷ್ಟ್ರಪತಿ ಭವನದಲ್ಲಿ ಇರಲಿಲ್ಲ.

1977ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಉಪರಾಷ್ಟ್ರಪತಿಗಳಾಗಿದ್ದ ನಮ್ಮ ಬಿ. ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಜಮಖಂಡಿಯ ಕಡೆಯವರು, 1958ರಿಂದ 1962ರವರೆಗೆ ಮೈಸೂರಿನ ಮುಖ್ಯಮಂತ್ರಿಗಳಾಗಿದ್ದವರು, ಮೃದುಸ್ವಭಾವದವರು. ಹೊಸದಾಗಿ ಬಂದ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಏಪ್ರಿಲ್‌ನಲ್ಲಿ ಸಲಹೆ ಮಾಡಿದಾಗ ಜತ್ತಿಯವರು ಕೂಡಲೇ ಸಹಿ ಹಾಕದೆ ತಡೆದರು. ದೇಶದಲ್ಲೆಲ್ಲ ಕೋಲಾಹಲವಾಯಿತು, ಕಡೆಗೆ ಅವರು ಸಹಿ ಹಾಕಿದರು. ಅವರನ್ನು ಆಗ ಹಳೆಯ ಸರ್ಕಾರದ ಬಂಟನೆಂದು ಜರೆದವರು ಬಹಳ. ಅವರ ಅಂತರಂಗವನ್ನು ಅಳೆಯಲು ನಾನು ಹೊರಡುವುದಿಲ್ಲ. ಆದರೆ ಲೇಖನಿಯನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ತಡೆಯುವ ಹಕ್ಕು ಆ ಪದವಿಗಿರಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದೇ ವರ್ಷದ ಜುಲೈಯಲ್ಲಿ, ಎಂಟು ವರ್ಷ ಹಿಂದೆ ಸೋತು ಅನಂತಪುರದ ಕಡೆ ಬೇಸಾಯಕ್ಕೆ ಹೊರಟುಹೋಗಿದ್ದ ಸಂಜೀವ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಗಳಾದರು. ಕಾಲಪುರುಷನಿಗೆ ಹಾಸ್ಯಪ್ರಜ್ಞೆ ಇದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮುಂದೆ ಸಂವಿಧಾನಕ್ಕೆ 44ನೆಯ ತಿದ್ದುಪಡಿ ಬಂದಿತು. ಮಂತ್ರಿಮಂಡಲದ ಸಲಹೆಯನ್ನು ಮರುಪರಿಶೀಲನೆಗಾಗಿ ಒಮ್ಮೆ ಹಿಂದಿರುಗಿಸುವ ಅಧಿಕಾರ ರಾಷ್ಟ್ರಪತಿಗೆ ಸ್ಪಷ್ಟವಾಗಿ ದೊರೆಯಿತು. ಎರಡನೆಯ ಸಲ ಬಂದರೆ ಒಪ್ಪಲೇಬೇಕು. ತುರ್ತುಪರಿಸ್ಥಿತಿಯನ್ನು ಘೋಷಿಸಬೇಕಾದರೆ ಮಂತ್ರಿಮಂಡಲದ ತೀರ್ಮಾನ ಬರಹದಲ್ಲಿ ಬರಬೇಕೆಂದೂ ಆಯಿತು. 1997ರ ಅಕ್ಟೋಬರ್‌ನಲ್ಲಿ ಉತ್ತರಪ್ರದೇಶದಲ್ಲಿ ರಾಷ್ಟ್ರಪತಿಯ ಆಳ್ವಿಕೆ ತರಬೇಕೆಂದು ಸಲಹೆ ಹೋದಾಗ ಕೆ. ಆರ್. ನಾರಾಯಣನ್ ಅವರು ಅದನ್ನು ಹಿಂದಿರುಗಿಸಿದರು. ಸರ್ಕಾರ ಆ ವಿಚಾರವನ್ನೇ ಕೈಬಿಟ್ಟಿತು. ಗದ್ದಲವಿಲ್ಲ, ಕರಪತ್ರವಿಲ್ಲ, ಅಂತರಾತ್ಮದ ಭಾಷಣವಿಲ್ಲ. ಒಂದು ಕಾಗದ ಬಂದಿತು, ಒಂದು ಕಾಗದ ಹಿಂದಿರುಗಿತು, ಒಂದು ರಾಜ್ಯದ ಸರ್ಕಾರ ಉಳಿಯಿತು. ನಮ್ಮ ದೊಡ್ಡಪ್ಪ ಬದುಕಿದ್ದರೆ, ಇದಲ್ಲವೋ ಮನಸ್ಸಾಕ್ಷಿ ಎನ್ನುತ್ತಿದ್ದರು.

ಸಂಪ್ರದಾಯವಾದಿಯಾದ ಮತದಾರ ಕಾಪಾಡಬೇಕಾದ ವಸ್ತು ಯಾವುದೆಂದು ಯಾರಾದರೂ ನನ್ನನ್ನು ಕೇಳಿದರೆ, ಈ ಒಂದು ತಡೆಯನ್ನೇ ತೋರಿಸುತ್ತೇನೆ. ಪಕ್ಷಗಳು ಒಡೆಯುತ್ತವೆ, ಕೂಡುತ್ತವೆ, ಹಿರಿಯರು ತೀರಿಕೊಳ್ಳುತ್ತಾರೆ, ಬ್ಯಾಂಕುಗಳು ಒಂದರೊಳಗೊಂದು ಸೇರಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾದಂತೆ, ಹೆಸರನ್ನೇ ಕಳೆದುಕೊಳ್ಳುತ್ತವೆ. ಇವನ್ನೆಲ್ಲ ಹಿಡಿದಿಡಲು ಹೊರಟವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದರೆ ಅಧಿಕಾರದ ಕಾಗದ ಬಂದಾಗ ಅದನ್ನು ಓದಿ, ಯೋಚಿಸಿ, ಬೇಕಾದರೆ ಹಿಂದಿರುಗಿಸಿ, ಅನಂತರವೇ ಸಹಿ ಹಾಕುವ ಕ್ರಮ ಉಳಿದರೆ ಉಳಿದದ್ದು ತಾನಾಗಿ ಉಳಿದೀತು. ಅಲ್ಪ ಸಂಗತಿಯೆಂದು ತೋರಬಹುದು. ನಮ್ಮ ಮನೆಯ ವಿಭಾಗಪತ್ರವನ್ನು ಓದದೆ ಸಹಿ ಹಾಕುವವನನ್ನು ನಾವು ಜಾಣನೆನ್ನುವುದಿಲ್ಲ. ದೇಶದ ಕಾಗದಗಳಿಗೆ ಅದಕ್ಕಿಂತ ಕಡಿಮೆ ಎಚ್ಚರ ಸಾಕೇ?

2022ರ ಚುನಾವಣೆಯಲ್ಲಿ ದ್ರೌಪದಿ ಮುರ್ಮು ಅವರಿಗೆ 6,76,803, ಯಶವಂತ ಸಿನ್ಹಾ ಅವರಿಗೆ 3,80,177 ಮತಗಳು ಬಂದವು. ಒಡಿಶಾದ ಸಂತಾಲ ಕುಲದ ಮಹಿಳೆಯೊಬ್ಬರು ಆ ಪದವಿಗೇರಿದ್ದು ಸಂತೋಷದ ವಿಷಯವೇ. ಆದರೆ ಆ ಪ್ರಚಾರದುದ್ದಕ್ಕೂ ಎರಡು ಕಡೆಯವರ ಮಾತುಗಳಲ್ಲಿ ಕುಲ, ಪ್ರಾಂತ, ಪಕ್ಷಗಳ ಗುಣಾಕಾರ ಭಾಗಾಕಾರವೇ ನನ್ನ ಕಿವಿಗೆ ಹೆಚ್ಚಾಗಿ ಬಿತ್ತು. 1969ರಲ್ಲಿಯೂ ಇದೇ ಆಯಿತು. ಯಾರು ಯಾರ ಮನುಷ್ಯ ಎಂಬುದನ್ನು ಎಲ್ಲರೂ ಕೇಳಿದರು, ಕಾಗದ ಬಂದ ರಾತ್ರಿ ಅವರು ಏನು ಮಾಡಿಯಾರೆಂದು ಕೇಳಿದವರು ಕಡಿಮೆ.

ಆದುದರಿಂದ ವಾಚಕರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ನಿಮ್ಮ ಶಾಸಕರು ಮನೆಗೆ ಬಂದಾಗ ರಸ್ತೆ, ನೀರು, ಅಡಕೆಯ ಧಾರಣೆಗಳನ್ನು ಕೇಳಿದ ಬಳಿಕ, ಚಹದ ಲೋಟ ಕೆಳಗಿಡುವ ಮೊದಲು, ಇನ್ನೊಂದನ್ನು ಕೇಳಿರಿ: ಸ್ವಾಮಿ, ನಮ್ಮಂಥ ಲಕ್ಷಕ್ಕೆ ಮೀರಿದ ಜನರ ನೆರಳನ್ನು ಬೆನ್ನಿಗೆ ಕಟ್ಟಿಕೊಂಡು ನೀವು ಯಾರ ಹೆಸರನ್ನು ಬರೆಯುವಿರೋ ಅದು ನಿಮ್ಮ ಗುಟ್ಟು, ಆದರೆ ಆ ಹೆಸರಿನವರು ಓದದೆ ಸಹಿ ಹಾಕುವವರೇ, ಓದಿ ಹಾಕುವವರೇ? ಶಾಸಕರು ನಕ್ಕು ಎದ್ದುಹೋಗಬಹುದು. ಹೋಗಲಿ. ಪ್ರಶ್ನೆ ಜಗಲಿಯ ಮೇಲೆ ಉಳಿಯುತ್ತದೆ. ಮೆಟ್ಟಿಲ ಬಳಿ ಕುಳಿತವರಿಗೂ ಅದು ಕೇಳಿಸಿರುತ್ತದೆ.